ಅಕ್ಟೋಬರ್ 21: ಪೊಲೀಸ್ ಹುತಾತ್ಮರ ದಿನವನ್ನು ನಿಮ್ಮ ಶಾಲೆಯಲ್ಲಿ, ಬಡಾವಣೆಯಲ್ಲಿ ಆಚರಿಸುವುದು ಹೇಗೆ?

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ನನಗೆ ಬರುತ್ತದೆ. ನಮ್ಮ ಶಾಲೆಯಲ್ಲಿ ಪೊಲೀಸ್ ಹುತಾತ್ಮರ ದಿನ ಮಾಡಬೇಕು, ಹೇಗೆ ಮಾಡುವುದು? ನಮ್ಮ ಬೀದಿಯವರೊಬ್ಬರು ಕರ್ತವ್ಯದಲ್ಲಿದ್ದಾಗ ತೀರಿಕೊಂಡರು, ಅವರ ನೆನಪಿಗೆ ಏನಾದರೂ ಮಾಡೋಣ ಅಂತಿದ್ದೇವೆ, ಇಲಾಖೆಯ ಅನುಮತಿ ಬೇಕಾ? ಬಾವುಟವನ್ನು ಅರ್ಧಕ್ಕೆ ಇಳಿಸಬಹುದಾ? ಒಬ್ಬೊಬ್ಬರಿಗೆ ಬಿಡಿ ಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಶಾಮಿಯಾನ, ದೊಡ್ಡ ವೇದಿಕೆ, ಹಾರ ತುರಾಯಿ ಯಾವುದೂ ಬೇಡ. ಸರಿಯಾದ ಹೆಸರುಗಳು ಬೇಕು. ಆ ಹೆಸರುಗಳನ್ನು ನಿಧಾನವಾಗಿ, ತಪ್ಪಿಲ್ಲದೆ ಓದುವ ಒಬ್ಬರು ಬೇಕು. ಅಷ್ಟಿದ್ದರೆ ಅರ್ಧ ಗಂಟೆಯಲ್ಲಿ, ಹೆಚ್ಚು ಖರ್ಚಿಲ್ಲದೆ, ಯಾರ ಮನಸ್ಸಿಗೂ ನೋವಾಗದಂತೆ ಮುಗಿಸಬಹುದು.

ಈ ದಿನ ಯಾಕೆ ಬಂತು?

ಇದನ್ನು ನೀವು ಸೇರಿದವರಿಗೆ ಹೇಳಬೇಕಾಗುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1959ರಲ್ಲಿ ಲಡಾಖಿನ ಗಡಿ ಕಾಯುವ ಕೆಲಸ ಪೊಲೀಸರದಾಗಿತ್ತು. ಅಕ್ಟೋಬರ್ 20ರಂದು ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿಂದ ಮೂರು ತಂಡಗಳು ಮುಂದಿನ ದಾರಿ ನೋಡಿಕೊಂಡು ಬರಲು ಹೊರಟವು. ಎರಡು ತಂಡ ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದವು. ಇಬ್ಬರು ಪೊಲೀಸರು ಮತ್ತು ಒಬ್ಬ ಹಮಾಲಿ ಇದ್ದ ಮೂರನೆಯ ತಂಡ ಬರಲಿಲ್ಲ. ಮರುದಿನ ಕರಮ್ ಸಿಂಗ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ಸುಮಾರು 20 ಮಂದಿ ಅವರನ್ನು ಹುಡುಕಲು ಹೋದರು. ಗುಡ್ಡದ ಮೇಲಿದ್ದ ಚೀನೀ ಸೈನಿಕರು ಇವರ ಮೇಲೆ ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಮರೆಗೆ ನಿಲ್ಲಲು ಅಲ್ಲಿ ಏನೂ ಇರಲಿಲ್ಲ. ಹತ್ತು ಮಂದಿ ಸತ್ತರು. ಅವರ ದೇಹಗಳು ನಮ್ಮವರ ಕೈಗೆ ಸಿಕ್ಕಿದ್ದು ನವೆಂಬರ್ 13ರಂದು, ಮೂರು ವಾರ ಕಳೆದ ಮೇಲೆ. ಹಾಟ್ ಸ್ಪ್ರಿಂಗ್ಸ್‌ನಲ್ಲೇ ಪೊಲೀಸ್ ಗೌರವದೊಂದಿಗೆ ಅವರ ಅಂತ್ಯಕ್ರಿಯೆ ನಡೆಯಿತು. 1960ರ ಜನವರಿಯಲ್ಲಿ ಎಲ್ಲ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸೇರಿ ಅಕ್ಟೋಬರ್ 21ನ್ನು ದೇಶದ ಎಲ್ಲ ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸಲು ತೀರ್ಮಾನಿಸಿದರು.

ತಮ್ಮವರು ಮೂವರು ವಾಪಸ್ ಬರಲಿಲ್ಲ ಎಂದು ಹುಡುಕಲು ಹೋದವರು ಇವರು. ಮಕ್ಕಳಿಗೆ ಹೇಳುವಾಗ ಈ ಮಾತನ್ನು ಬಿಡಬೇಡಿ.

ಹಂತ 1: ಯಾರ ಹೆಸರು ಎಂದು ತೀರ್ಮಾನಿಸಿ

ಕೆಲಸದ ಮುಕ್ಕಾಲು ಪಾಲು ಇದೇ. ಕನಿಷ್ಠ ಮೂರು ವಾರ ಮೊದಲೇ ಶುರು ಮಾಡಿ.

ನಿಮ್ಮ ಮುಂದೆ ಮೂರು ದಾರಿಗಳಿವೆ. ನಿಮ್ಮದೇ ತಾಲ್ಲೂಕು, ಜಿಲ್ಲೆಯವರನ್ನು ನೆನೆಯಬಹುದು. ಆ ವರ್ಷ ದೇಶದಲ್ಲಿ ಮಡಿದ ಎಲ್ಲರ ಪಟ್ಟಿಯಿಂದ ನಮ್ಮ ರಾಜ್ಯದವರನ್ನು ಆರಿಸಿಕೊಳ್ಳಬಹುದು. ಇಲ್ಲವೇ ಒಂದು ಘಟನೆಯನ್ನು ಹಿಡಿದು ಅದರಲ್ಲಿ ಮಡಿದ ಎಲ್ಲರನ್ನೂ ನೆನೆಯಬಹುದು. ನನ್ನನ್ನು ಕೇಳಿದರೆ ಮೊದಲನೆಯದೇ ಒಳ್ಳೆಯದು. ಊರಿನವರ ಹೆಸರು ಕೇಳಿದಾಗ ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯೂ ತಲೆ ಎತ್ತುತ್ತಾರೆ.

ಹೆಸರು ಎಲ್ಲಿ ಸಿಗುತ್ತದೆ? ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ಅಂದರೆ ಎಸ್ಪಿ ಕಚೇರಿಗೆ ಶಾಲೆಯ ಅಥವಾ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಕೊಡಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ನಗರದಲ್ಲಿದ್ದರೆ ಪತ್ರ ಹೋಗಬೇಕಾದ್ದು ಪೊಲೀಸ್ ಆಯುಕ್ತರ ಕಚೇರಿಗೆ. ಡಿಎಆರ್ ಮೈದಾನಕ್ಕೂ ಒಮ್ಮೆ ಹೋಗಿ ಬನ್ನಿ. ಡಿಎಆರ್ ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಬೆಂಗಳೂರಿನಂಥ ಕಡೆ ಇದೇ ಸಿಎಆರ್, ಅಂದರೆ ನಗರ ಸಶಸ್ತ್ರ ಮೀಸಲು ಪಡೆ ಆಗುತ್ತದೆ. ಹುತಾತ್ಮರ ಸ್ಮಾರಕ ಸಾಮಾನ್ಯವಾಗಿ ಇಂಥ ಮೈದಾನದಲ್ಲೇ ಇರುತ್ತದೆ.

ಈಗ ಎಡವುವ ಜಾಗಗಳು.

ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿಯನ್ನು ನಂಬಬೇಡಿ. ಹೆಸರು ಒಬ್ಬರದು, ಫೋಟೊ ಇನ್ನೊಬ್ಬರದು ಆಗಿರುವುದನ್ನು ನಾನೇ ನೋಡಿದ್ದೇನೆ.

"ಮತ್ತು ಇತರರು" ಎಂದು ಎಂದೂ ಬರೆಯಬೇಡಿ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡ ಹೊಂಚು ಹಾಕಿ ದಾಳಿ ಮಾಡಿದಾಗ ಮೈಸೂರು ಎಸ್ಪಿ ಟಿ. ಹರಿಕೃಷ್ಣ ಮತ್ತು ಎಸ್ಐ ಶಕೀಲ್ ಅಹ್ಮದ್ ಮಡಿದರು. ಈ ಎರಡು ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅವರ ಜೊತೆ ಸತ್ತ ನಾಲ್ವರು ಸಿಬ್ಬಂದಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ಅದೇ ವರ್ಷ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ನಡೆದ ದಾಳಿಯಲ್ಲಿ ಐವರು ಪೊಲೀಸರು ಮಡಿದರು, ಅವರನ್ನಂತೂ "ಐವರು" ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ. ನೀವು ಇಂಥ ಘಟನೆಯೊಂದನ್ನು ಆರಿಸಿಕೊಂಡರೆ ಕಾನ್‌ಸ್ಟೇಬಲ್‌ಗಳ ಹೆಸರು ಪೂರ್ತಿ ಸಿಗುವ ತನಕ ಕಚೇರಿಗೆ ಓಡಾಡಿ. ಸಿಗದಿದ್ದರೆ ಆ ವರ್ಷ ಬೇರೆ ಘಟನೆ ತೆಗೆದುಕೊಳ್ಳಿ.

ದಿನಾಂಕ ಬರೆಯುವಾಗಲೂ ಜೋಪಾನ. ಘಟನೆಯ ದಿನ ಬೇರೆ, ಪ್ರಾಣ ಹೋದ ದಿನ ಬೇರೆ ಇರಬಹುದು. ಕಲಬುರಗಿಯ ಪಿಎಸ್ಐ ಮಲ್ಲಿಕಾರ್ಜುನ ಬಂಡೆ ಅವರಿಗೆ ಗುಂಡು ತಗುಲಿದ್ದು 2014ರ ಜನವರಿ 8ರಂದು, ಹೈದರಾಬಾದಿನ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದದ್ದು ಜನವರಿ 15ರಂದು. ಮನೆಯವರಿಗೆ ಆ ನಡುವಿನ ಒಂದೊಂದು ದಿನವೂ ನೆನಪಿರುತ್ತದೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಅಕ್ಟೋಬರ್ 21ರಂದು ಪೊಲೀಸ್ ಇಲಾಖೆ ನಡೆಸುವ ಪರೇಡಿನಲ್ಲಿ ಓದುವ ಪಟ್ಟಿ ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗಿನದು. ಸೆಪ್ಟೆಂಬರ್‌ನಲ್ಲಿ ತೀರಿಕೊಂಡವರ ಹೆಸರು ಮುಂದಿನ ವರ್ಷದ ಪಟ್ಟಿಯಲ್ಲಿ ಬರುತ್ತದೆ. ಇದು ಗೊತ್ತಿಲ್ಲದೆ "ನಮ್ಮವರನ್ನು ಮರೆತುಬಿಟ್ಟರು" ಎಂದು ಮನೆಯವರು ಸಂಕಟಪಡುತ್ತಾರೆ. ನಿಮಗೆ ಅಂಥ ಮನೆಯವರ ಪರಿಚಯವಿದ್ದರೆ ಮೊದಲೇ ಹೇಳಿ. ನಿಮ್ಮ ಕಾರ್ಯಕ್ರಮದಲ್ಲಿ ಈ ಲೆಕ್ಕ ಪಾಲಿಸಬೇಕು ಅಂತೇನಿಲ್ಲ, ಆ ಹೆಸರನ್ನು ಈ ವರ್ಷವೇ ಓದಿ.

ಅರಣ್ಯ ಇಲಾಖೆಯಲ್ಲಿ ಮಡಿದವರಿಗೆ ಬೇರೆಯೇ ದಿನವಿದೆ, ಸೆಪ್ಟೆಂಬರ್ 11. ವೀರಪ್ಪನ್‌ನಿಂದ ಹತರಾದ ಪಿ. ಶ್ರೀನಿವಾಸ್ ಅರಣ್ಯಾಧಿಕಾರಿಯಾಗಿದ್ದವರು. ಅವರನ್ನು ಪೊಲೀಸ್ ಅಧಿಕಾರಿ ಎಂದು ಬರೆದ ಬ್ಯಾನರ್ ಹಾಕಬೇಡಿ. ನೆನೆಯಲು ಅಡ್ಡಿಯಿಲ್ಲ, ಯಾರೆಂದು ಸರಿಯಾಗಿ ಹೇಳಿ ಅಷ್ಟೇ.

ಹುದ್ದೆಗಳ ಚಿಕ್ಕ ಅಕ್ಷರಗಳನ್ನೂ ತಿಳಿದುಕೊಳ್ಳಿ. ಸಿಪಿಸಿ ಅಂದರೆ ಠಾಣೆಯಲ್ಲಿ ಕೆಲಸ ಮಾಡುವ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್. ಎಪಿಸಿ ಅಂದರೆ ಸಶಸ್ತ್ರ ಪಡೆಯ ಕಾನ್‌ಸ್ಟೇಬಲ್. ಎಚ್‌ಸಿ ಹೆಡ್ ಕಾನ್‌ಸ್ಟೇಬಲ್, ಎಎಸ್ಐ ಸಹಾಯಕ ಸಬ್ ಇನ್‌ಸ್ಪೆಕ್ಟರ್, ಕೆಎಸ್‌ಆರ್‌ಪಿ ರಾಜ್ಯ ಮೀಸಲು ಪೊಲೀಸ್ ಪಡೆ. ಓದುವಾಗ ಪೂರ್ತಿ ಹುದ್ದೆ ಓದಿ, ಅಕ್ಷರಗಳನ್ನಲ್ಲ.

"ಹುತಾತ್ಮ" ಎಂಬ ಪದದ ಬಗ್ಗೆಯೂ ಕೇಳುತ್ತಾರೆ. ಸೇನೆಯಲ್ಲಾಗಲಿ ಪೊಲೀಸ್ ಪಡೆಗಳಲ್ಲಾಗಲಿ ಇದು ಅಧಿಕೃತ ಪದವಲ್ಲ ಎಂದು ಕೇಂದ್ರ ಸರ್ಕಾರವೇ 2017ರಲ್ಲಿ ಮಾಹಿತಿ ಆಯೋಗದ ಮುಂದೆ ಹೇಳಿತ್ತು. ಹಾಗಾಗಿ ಕಾಗದಪತ್ರಗಳಲ್ಲಿ ಆ ಪದ ಕಾಣದಿದ್ದರೆ ಗಾಬರಿಯಾಗಬೇಡಿ, ಜಗಳಕ್ಕೂ ಹೋಗಬೇಡಿ. ನಮ್ಮ ಮಾತಿನಲ್ಲಿ, ಬ್ಯಾನರಿನಲ್ಲಿ ಧಾರಾಳವಾಗಿ ಬಳಸಬಹುದು. ಇಲಾಖೆಯ ಸ್ಮಾರಕಗಳ ಮೇಲೂ ಇರುವುದು ಅದೇ ಪದ.

ಹಂತ 2: ಮನೆಯವರನ್ನು ಮೊದಲು ಕೇಳಿ

ಬ್ಯಾನರ್ ಮುದ್ರಿಸುವ ಮುಂಚೆ, ಅತಿಥಿ ಯಾರೆಂದು ಯೋಚಿಸುವ ಮುಂಚೆ, ಮನೆಯವರ ಒಪ್ಪಿಗೆ ತೆಗೆದುಕೊಳ್ಳಿ. ಪರಿಚಯವಿಲ್ಲದಿದ್ದರೆ ಅವರು ಕೊನೆಗೆ ಕೆಲಸ ಮಾಡಿದ ಠಾಣೆಯ ಮೂಲಕ ಹೋಗಿ. ಅವರ ವಿಳಾಸ, ಫೋನ್ ನಂಬರ್ ಗೊತ್ತಿದ್ದರೆ ತಿಳಿಸಿ ಎಂದು ಗುಂಪುಗಳಲ್ಲಿ ಕೇಳಬೇಡಿ. ಹಳೆಯ ಪ್ರಕರಣ ಇನ್ನೂ ನ್ಯಾಯಾಲಯದಲ್ಲಿ ಇರಬಹುದು, ಮನೆಯವರಿಗೆ ತಮ್ಮದೇ ಭಯಗಳಿರಬಹುದು.

ಅವರನ್ನು ಕೇಳಬೇಕಾದ್ದು ನಾಲ್ಕೇ ವಿಷಯ. ಹೆಸರನ್ನು ಹೇಗೆ ಬರೆಯಬೇಕು, ಹೇಗೆ ಉಚ್ಚರಿಸಬೇಕು? ಯಾವ ಫೋಟೊ ಇಡಬಹುದು? ಅವರ ಬಗ್ಗೆ ಏನು ಹೇಳಿದರೆ ನಿಮಗೆ ಸಮಾಧಾನ? ನೀವು ಬರುತ್ತೀರಾ, ಬಂದರೆ ಮಾತಾಡುತ್ತೀರಾ ಅಥವಾ ಸುಮ್ನೆ ಕೂತಿರುತ್ತೀರಾ? ಬರುವುದಿಲ್ಲ ಎಂದರೆ ಒತ್ತಾಯ ಬೇಡ. ಹೆಸರು ಓದುವುದೇ ಬೇಡ ಎಂದರೂ ಒಪ್ಪಿಕೊಳ್ಳಿ.

ಆ ದಿನ ಏನಾಯಿತು ಎಂದು ಮಾತ್ರ ನೀವಾಗಿ ಕೇಳಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ.

ಒಂದು ಊರಿನ ಕಾರ್ಯಕ್ರಮದಲ್ಲಿ ಮಡಿದ ಕಾನ್‌ಸ್ಟೇಬಲ್ ಒಬ್ಬರ ಹೆಸರನ್ನು ಮೈಕಿನಲ್ಲಿ ತಪ್ಪಾಗಿ ಓದಿದರು. ಅವರ ತಾಯಿ ಮುಂದಿನ ಸಾಲಿನಲ್ಲೇ ಇದ್ದರು. ತುಟಿ ಅಲುಗಿಸಿ ಸರಿಯಾದ ಹೆಸರನ್ನು ತಮಗೆ ತಾವೇ ಹೇಳಿಕೊಂಡರು. ಆವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ, ಉಚ್ಚಾರಣೆಯನ್ನು ಮನೆಯವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ಹಂತ 3: ದಿನ, ಹೊತ್ತು, ಅನುಮತಿ

ಅಕ್ಟೋಬರ್ 21ರ ಬೆಳಿಗ್ಗೆ, ಸಾಮಾನ್ಯವಾಗಿ 8 ಗಂಟೆಯ ಸುಮಾರಿಗೆ, ಜಿಲ್ಲಾ ಕೇಂದ್ರಗಳಲ್ಲಿ ಇಲಾಖೆಯ ಪರೇಡ್ ಇರುತ್ತದೆ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಸಿಎಆರ್ ಮೈದಾನದಲ್ಲಿ ನಡೆಯುತ್ತದೆ. ಮನೆಯವರಿಗೂ ಪೊಲೀಸರಿಗೂ ಅಲ್ಲಿ ಕರೆ ಇರುತ್ತದೆ. ನಿಮ್ಮ ಕಾರ್ಯಕ್ರಮವನ್ನು ಅದೇ ಹೊತ್ತಿಗೆ ಇಟ್ಟುಕೊಂಡರೆ ಯಾರೂ ಬರಲಾಗುವುದಿಲ್ಲ. 11ರ ನಂತರ ಅಥವಾ ಸಂಜೆ ಇಟ್ಟುಕೊಳ್ಳಿ.

ಶಾಲೆಯವರು ದಸರಾ ರಜೆಯ ಕ್ಯಾಲೆಂಡರ್ ನೋಡಿಕೊಳ್ಳಿ. 21 ರಜೆಯಲ್ಲಿ ಬಿದ್ದರೆ ಶಾಲೆ ತೆರೆದ ಮೊದಲ ವಾರದಲ್ಲಿ ಮಾಡಿದರಾಯಿತು.

ಶಾಲೆಯ ಒಳಗೆ, ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸೇರುವುದಕ್ಕೆ ಇಲಾಖೆಯ ಅನುಮತಿ ಬೇಡ. ರಸ್ತೆಯಲ್ಲಿ, ಉದ್ಯಾನದಲ್ಲಿ, ವೃತ್ತದಲ್ಲಿ ಮಾಡುವುದಾದರೆ ಸ್ಥಳೀಯ ಸಂಸ್ಥೆಯನ್ನೂ ಠಾಣೆಯನ್ನೂ ಕೇಳಬೇಕು. ಹೊರಗಡೆ ಧ್ವನಿವರ್ಧಕ ಹಾಕಲು ಲಿಖಿತ ಅನುಮತಿ ಬೇಕು. ಮೇಣದಬತ್ತಿ ಮೆರವಣಿಗೆ ಮಾಡುವವರು ದಾರಿಯ ನಕ್ಷೆಯನ್ನೂ ಅರ್ಜಿಯ ಜೊತೆ ಕೊಡಿ. ಪೊಲೀಸರ ನೆನಪಿಗೆ ತಾನೇ, ಅವರೇನು ಬೇಡ ಅನ್ನುತ್ತಾರಾ ಎಂದುಕೊಂಡು ಅರ್ಜಿ ಕೊಡದೆ ಇರಬೇಡಿ. ಆ ದಿನ ಬಂದೋಬಸ್ತಿಗೆ ನಿಲ್ಲುವವರೂ ಅವರೇ ಅಲ್ವಾ.

ಹಂತ 4: ಜಾಗ ಸಿದ್ಧ ಮಾಡುವುದು

ಒಂದು ಮೇಜು, ಬಿಳಿ ಬಟ್ಟೆ, ಫೋಟೊ, ದೀಪ, ಬಿಡಿ ಹೂ. ಹೂಗುಚ್ಛ ಒಂದೇ ಸಾಕು. ಫೋಟೊ ಸಿಗದವರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದ ಹಾಳೆಯನ್ನು ಅದೇ ಅಳತೆಯ ಚೌಕಟ್ಟಿನಲ್ಲಿ ಇಡಿ. ಎಸ್ಪಿಗೆ ದೊಡ್ಡ ಫೋಟೊ, ಕಾನ್‌ಸ್ಟೇಬಲ್‌ಗೆ ಚಿಕ್ಕದು ಎಂದು ಮಾಡಬೇಡಿ. ಬ್ಯಾನರಿನ ಮೇಲೆ ಮಡಿದವರ ಹೆಸರು ಇರಲಿ, ಸಂಘದ ಪದಾಧಿಕಾರಿಗಳ ಫೋಟೊಗಳು ಆ ದಿನ ಬೇಡವೇ ಬೇಡ.

ರಾಷ್ಟ್ರಧ್ವಜದ ವಿಷಯದಲ್ಲಿ ತಪ್ಪು ಜಾಸ್ತಿ ಆಗುತ್ತದೆ. ಧ್ವಜವನ್ನು ಫೋಟೊಗೆ ಹೊದಿಸಬಾರದು, ಮೇಜಿಗೆ ಹಾಸಬಾರದು. ಶವಪೆಟ್ಟಿಗೆಗೆ ಧ್ವಜ ಹೊದಿಸುವುದು ಸರ್ಕಾರಿ ಗೌರವದ, ಸೇನೆಯ ಮತ್ತು ಕೇಂದ್ರ ಪಡೆಗಳ ಅಂತ್ಯಕ್ರಿಯೆಯಲ್ಲಿ ಮಾತ್ರ. ಧ್ವಜವನ್ನು ಅರ್ಧಕ್ಕೆ ಇಳಿಸುವುದೂ ನಿಮ್ಮ ತೀರ್ಮಾನಕ್ಕೆ ಬಿಟ್ಟದ್ದಲ್ಲ, ಸರ್ಕಾರದ ಆದೇಶ ಬೇಕು. ಆದೇಶವಿಲ್ಲದೆ ಇಳಿಸುವುದು 1971ರ ರಾಷ್ಟ್ರೀಯ ಗೌರವ ಕಾಯ್ದೆಯ ಪ್ರಕಾರ ಅಪರಾಧ. ಒಳ್ಳೆಯ ಮನಸ್ಸಿನಿಂದಲೇ ಮಾಡಿ ತೊಂದರೆಗೆ ಸಿಕ್ಕಿಕೊಳ್ಳಬೇಡಿ.

ಹಂತ 5: ಕಾರ್ಯಕ್ರಮ ನಡೆಸುವುದು

ಇಲಾಖೆಯ ಪರೇಡಿನಲ್ಲಿ ಏನೇನು ನಡೆಯುತ್ತದೆ ಎಂದು ತಿಳಿದಿದ್ದರೆ ನಿಮ್ಮದನ್ನು ಹೊಂದಿಸಿಕೊಳ್ಳುವುದು ಸುಲಭ. ಅಲ್ಲಿ ಹೆಸರುಗಳನ್ನು ಓದುತ್ತಾರೆ, ಸ್ಮಾರಕಕ್ಕೆ ಹೂಗುಚ್ಛ ಇಡುತ್ತಾರೆ, ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸುತ್ತಾರೆ. "ಶೋಕ ಶಸ್ತ್ರ" ಎಂದು ಆದೇಶ ಬಂದಾಗ ಸಿಬ್ಬಂದಿ ಬಂದೂಕಿನ ನಳಿಗೆಯನ್ನು ಕೆಳಗೆ ಮಾಡಿ ತಲೆ ಬಾಗಿಸಿ ನಿಲ್ಲುತ್ತಾರೆ. "ಲಾಸ್ಟ್ ಪೋಸ್ಟ್" ಎಂಬುದು ಆಗ ಬ್ಯೂಗಲ್‌ನಲ್ಲಿ, ಅಂದರೆ ಕಹಳೆಯಲ್ಲಿ ನುಡಿಸುವ ವಿದಾಯದ ಸ್ವರ. ಎರಡು ನಿಮಿಷ ಮೌನ ಇರುತ್ತದೆ.

ನಿಮ್ಮ ಕಡೆ ಹೀಗೆ ಮಾಡಿ. ಎಲ್ಲರೂ ಸೇರಿದ ಮೇಲೆ ಹಾಟ್ ಸ್ಪ್ರಿಂಗ್ಸ್ ವಿಷಯವನ್ನು ಮೂರು ನಿಮಿಷದಲ್ಲಿ ಹೇಳಿ. ದೀಪ ಹಚ್ಚಿ. ಹೆಸರುಗಳನ್ನು ಓದಿ: ಹುದ್ದೆ, ಹೆಸರು, ಠಾಣೆ ಅಥವಾ ಪಡೆ, ದಿನಾಂಕ. ಒಂದು ಹೆಸರಾದ ಮೇಲೆ ಒಂದು ಉಸಿರು ನಿಂತು ಮುಂದಿನದು. ಓದುವವರು ಹಿಂದಿನ ದಿನ ಜೋರಾಗಿ ಎರಡು ಸಲ ಅಭ್ಯಾಸ ಮಾಡಿರಲಿ. ಆಮೇಲೆ ಮನೆಯವರು ಮೊದಲು ಹೂ ಇಡಲಿ, ಅಧಿಕಾರಿಗಳು, ಅತಿಥಿಗಳು ಅವರ ನಂತರ. ಆಮೇಲೆ ಮೌನ.

ಮೌನ ಎರಡು ನಿಮಿಷ ಅಂದರೆ ಎರಡು ನಿಮಿಷವೇ. ನಲವತ್ತು ಸೆಕೆಂಡಿಗೇ ಮೈಕ್ ಹಿಡಿದವರಿಗೆ ತಡೆಯಲಾಗದೆ "ಧನ್ಯವಾದ" ಎಂದುಬಿಡುತ್ತಾರೆ. ಗಡಿಯಾರ ನೋಡುವ ಕೆಲಸವನ್ನು ಬೇರೆ ಒಬ್ಬರಿಗೆ ಕೊಡಿ, ಅವರು ಸನ್ನೆ ಮಾಡಿದ ಮೇಲೆ ಮುಗಿಸಿ. ಶುರುವಿನಲ್ಲೇ ಫೋನ್‌ಗಳನ್ನು ಸೈಲೆಂಟ್ ಮಾಡಿಸಿ.

ಚಪ್ಪಾಳೆ ಬೇಡ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪ್ರತಿ ಹೆಸರಿಗೂ ತಟ್ಟುತ್ತಾರೆ. ಗುಂಡಿನ ಗೌರವದ ಬದಲಿಗೆ ಪಟಾಕಿ ಹೊಡೆಯುವುದೂ ಬೇಡ. ಆ ಶಬ್ದ ಮನೆಯವರಿಗೆ ಏನನ್ನು ನೆನಪಿಸುತ್ತದೆ ಯೋಚಿಸಿ. ಭಾಷಣ ಒಂದೇ ಇರಲಿ, ಐದು ನಿಮಿಷ. ಮಾತಾಡುವವರು ಮಡಿದವರ ಬಗ್ಗೆ ಏನಾದರೂ ತಿಳಿದವರಾಗಿರಲಿ: ಜೊತೆಗೆ ಕೆಲಸ ಮಾಡಿದ ಹೆಡ್ ಕಾನ್‌ಸ್ಟೇಬಲ್, ಶಾಲೆಯ ಹಳೆಯ ಮೇಷ್ಟ್ರು, ಪಕ್ಕದ ಮನೆಯವರು.

ಹಂತ 6: ಮಕ್ಕಳಿದ್ದರೆ

ಗುಂಡು, ರಕ್ತದ ವಿವರ ಬೇಡ. ಆ ವ್ಯಕ್ತಿ ಆ ದಿನ ಯಾವ ಕೆಲಸಕ್ಕೆ ಹೋಗಿದ್ದರು, ಯಾರನ್ನು ಉಳಿಸಲು ಹೋದರು ಎಂಬುದನ್ನು ಹೇಳಿ. ಮುಂಬೈನ ಎಎಸ್ಐ ತುಕಾರಾಂ ಓಂಬ್ಳೆ ಅವರ ಕಥೆ ದೊಡ್ಡ ಮಕ್ಕಳಿಗೆ ಹೇಳಬಹುದಾದದ್ದು. 2008ರ ನವೆಂಬರ್ 26ರ ರಾತ್ರಿ ನಡೆದ ದಾಳಿಯಲ್ಲಿ, ಲಾಠಿ ಬಿಟ್ಟರೆ ಬೇರೇನೂ ಇಲ್ಲದೆ, ಭಯೋತ್ಪಾದಕನ ಬಂದೂಕಿನ ನಳಿಗೆಯನ್ನೇ ಹಿಡಿದುಕೊಂಡರು. ಅವರು ಕೈಬಿಡಲಿಲ್ಲ, ಅದರಿಂದ ಕಸಬ್ ಜೀವಂತ ಸಿಕ್ಕಿಬಿದ್ದ. ಹೆಣ್ಣುಮಕ್ಕಳೂ ಕೇಳಲಿ: 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿಯಾದಾಗ ಕೂಗಿ ಎಚ್ಚರಿಸಿ ಪ್ರಾಣ ಕೊಟ್ಟವರು ಸಿಆರ್‌ಪಿಎಫ್‌ನ ಕಾನ್‌ಸ್ಟೇಬಲ್ ಕಮಲೇಶ್ ಕುಮಾರಿ. ಇಬ್ಬರಿಗೂ ಅಶೋಕ ಚಕ್ರ ಸಂದಿದೆ. ಅದು ಯುದ್ಧವಿಲ್ಲದ ಹೊತ್ತಿನ ಶೌರ್ಯಕ್ಕೆ ನಮ್ಮ ದೇಶ ಕೊಡುವ ಅತಿ ದೊಡ್ಡ ಪದಕ.

ದಾಳಿಯ ದೃಶ್ಯವನ್ನು ನಾಟಕ ಮಾಡಿಸಬೇಡಿ. ಬದಲಿಗೆ ಒಬ್ಬೊಬ್ಬ ಮಗುವಿಗೆ ಒಂದೊಂದು ಹೆಸರು ಕೊಟ್ಟು ಅಂದವಾಗಿ ಬರೆಸಿ. ಕೈಯಲ್ಲಿ ಬರೆದ ಹೆಸರು ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ. ಕಲಿಯುವ ಮಕ್ಕಳಲ್ಲಿ ಪೊಲೀಸರ ಮಗ, ಮಗಳು ಇರುತ್ತಾರೆ, ಅವರ ಅಪ್ಪ ಅಮ್ಮನ ಜೊತೆ ಮೊದಲೇ ಮಾತಾಡಿ. ಸಂಜೆ ಅಪ್ಪ ಡ್ಯೂಟಿಗೆ ಹೊರಟಾಗ ಆ ಮಗು ಹೆದರಿಕೊಳ್ಳಬಾರದು.

ಹಂತ 7: ಹಣ ಕೊಡಬೇಕು ಎನ್ನುವವರಿಗೆ

ಕಾರ್ಯಕ್ರಮದಲ್ಲಿ ಡಬ್ಬಿ ಹಿಡಿದು ಸಂಗ್ರಹಿಸಬೇಡಿ, ಮೊತ್ತವನ್ನು ಮೈಕಿನಲ್ಲಿ ಹೇಳಬೇಡಿ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳವರ ಕುಟುಂಬಕ್ಕೆ ಕೊಡಲು "ಭಾರತ್ ಕೆ ವೀರ್" ಎಂಬ ಸರ್ಕಾರಿ ಜಾಲತಾಣ 2017ರಿಂದ ಇದೆ. ಅಲ್ಲಿ ಒಬ್ಬೊಬ್ಬರ ಹೆಸರಿಗೇ ಹಣ ಹಾಕಬಹುದು, ಒಬ್ಬರ ಹೆಸರಿಗೆ ಒಟ್ಟು 15 ಲಕ್ಷ ರೂಪಾಯಿ ಮಿತಿ. ರಾಜ್ಯದ ಪೊಲೀಸರು ಅದರಲ್ಲಿ ಬರುವುದಿಲ್ಲ, ಅವರ ಕುಟುಂಬಕ್ಕಾದರೆ ಎಸ್ಪಿ ಕಚೇರಿಯನ್ನು ಕೇಳಿ. ಏಪ್ರಿಲ್ 2 ಕರ್ನಾಟಕದ ಪೊಲೀಸ್ ಧ್ವಜ ದಿನ, 1965ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದ ದಿನ ಅದು. ಆಗ ಮಾರುವ ಪುಟ್ಟ ಧ್ವಜಗಳ ಹಣ ಪೊಲೀಸ್ ಕಲ್ಯಾಣಕ್ಕೆ ಹೋಗುತ್ತದೆ.

ಮಡಿದವರ ಫೋಟೊ ಹಾಕಿ ಕ್ಯೂಆರ್ ಕೋಡ್ ಜೊತೆ ಓಡಾಡುವ ಸಂದೇಶಗಳಿಗೆ ಹಣ ಹಾಕಬೇಡಿ. ಮನೆಯವರನ್ನೋ ಠಾಣೆಯನ್ನೋ ಕೇಳಿ ಖಾತ್ರಿ ಮಾಡಿಕೊಳ್ಳದೆ ಅದನ್ನು ಮುಂದೆ ಕಳಿಸಲೂ ಬೇಡಿ.

ಒಬ್ಬರೇ ಇದ್ದೀರಾ?

ಸಂಘ, ಶಾಲೆ ಏನೂ ಇಲ್ಲದಿದ್ದರೂ ಮಾಡಬಹುದು. ನಿಮ್ಮ ಜಿಲ್ಲೆಯ ಸ್ಮಾರಕದ ಬಳಿ ಸಾರ್ವಜನಿಕರನ್ನು ಯಾವಾಗ ಬಿಡುತ್ತಾರೆ ಎಂದು ಕೇಳಿ, ಒಂದು ಹೂ ಇಟ್ಟು ಹೆಸರುಗಳನ್ನು ಓದಿ ಬನ್ನಿ. ದೆಹಲಿಗೆ ಹೋದರೆ ಚಾಣಕ್ಯಪುರಿಯ ರಾಷ್ಟ್ರೀಯ ಪೊಲೀಸ್ ಸ್ಮಾರಕ ನೋಡಿ. 2018ರ ಅಕ್ಟೋಬರ್ 21ರಂದು ಅದು ಉದ್ಘಾಟನೆಯಾಯಿತು. ನಡುವೆ 30 ಅಡಿ ಎತ್ತರದ ಒಂದೇ ಕಪ್ಪು ಕಲ್ಲು. ಶೌರ್ಯದ ಗೋಡೆಯ ಮೇಲೆ ಆಗಲೇ 34,844 ಹೆಸರುಗಳಿದ್ದವು, 1947ರಿಂದ ಮಡಿದವರದು. ನಿಮ್ಮ ಊರಿನವರ ಹೆಸರು, ವರ್ಷ ಬರೆದುಕೊಂಡು ಹೋಗಿ. ಸುಮ್ನೆ ಹೋದರೆ ಅಷ್ಟು ಹೆಸರಿನಲ್ಲಿ ಹುಡುಕುವುದು ಕಷ್ಟ.

ಹಂತ 8: ಮುಗಿದ ಮೇಲೆ

ಹೂಗುಚ್ಛವನ್ನು ಅಲ್ಲೇ ಬಾಡಲು ಬಿಡಬೇಡಿ, ಮೂರನೆಯ ದಿನ ತೆಗೆಯುವ ಕೆಲಸ ಯಾರದೆಂದು ಮೊದಲೇ ಹೇಳಿರಿ. ಫೋಟೊಗಳನ್ನು ಮನೆಯವರಿಗೆ ಕೈಯಾರೆ ಹಿಂದಿರುಗಿಸಿ, ಮಕ್ಕಳು ಬರೆದ ಹೆಸರಿನ ಹಾಳೆಯನ್ನೂ ಕೊಡಿ. ಅವರ ಚಿತ್ರವಿರುವ ಪೋಸ್ಟ್ ಹಾಕುವುದಾದರೆ ಕೇಳಿಯೇ ಹಾಕಿ.

ಕೊನೆಗೆ ಒಂದು ನೋಟ್‌ಬುಕ್ ಮಾಡಿ. ಓದಿದ ಹೆಸರುಗಳು, ಉಚ್ಚಾರಣೆ, ಹುದ್ದೆ, ದಿನಾಂಕ ಎಲ್ಲವನ್ನೂ ಅದರಲ್ಲಿ ಬರೆದು ಶಾಲೆಯ ಅಥವಾ ಸಂಘದ ಬೀರುವಿನಲ್ಲಿಡಿ. ಮೇಷ್ಟ್ರು ವರ್ಗವಾಗುತ್ತಾರೆ, ಕಾರ್ಯದರ್ಶಿ ಬದಲಾಗುತ್ತಾರೆ, ಪುಸ್ತಕ ಅಲ್ಲೇ ಇರಬೇಕು. ಅದರ ಮೊದಲ ಪುಟದಲ್ಲಿ ಒಬ್ಬೊಬ್ಬರೂ ಮಡಿದ ದಿನಾಂಕವನ್ನು ಬೇರೆಯಾಗಿ ಬರೆದಿಡಿ. ಅಕ್ಟೋಬರ್‌ನಲ್ಲಿ ಮನೆಯವರಿಗೆ ಹತ್ತಾರು ಫೋನ್ ಬರುತ್ತವೆ, ಆ ಇನ್ನೊಂದು ದಿನ ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಆವತ್ತು ನಿಮ್ಮಲ್ಲಿ ಒಬ್ಬರು ಅವರ ಮನೆಗೆ ಹೋಗಿ ಬನ್ನಿ.